ಅಪ್ಗಾರ್ ಸ್ಕೋರ್ ಮಗುವಿನ ಬುದ್ಧಿವಂತಿಕೆಯ ಅಂಕವೇ? ಆ ಹೆಸರಿನ ಹಿಂದಿನ ವೈದ್ಯೆ ಯಾರು?

ಹೆರಿಗೆಯಾದ ಮೇಲೆ ಆಸ್ಪತ್ರೆಯವರು ಕೊಡುವ ಡಿಸ್ಚಾರ್ಜ್ ಸಮರಿಯಲ್ಲಿ ‘ಅಪ್ಗಾರ್ 8/10’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಉಳಿದ ಎರಡು ಅಂಕ ಎಲ್ಲಿ ಹೋಯಿತು, ಮಗು ಮುಂದೆ ಓದಿನಲ್ಲಿ ಹಿಂದೆ ಬೀಳುತ್ತದೆಯೇ ಎಂದು ಕೆಲವರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಈ ಅಂಕ ಏಕೆ ಹುಟ್ಟಿತು ಎಂದು ತಿಳಿಯಲು ನಾವು ಅಮೆರಿಕದ ಡಾ. ವರ್ಜೀನಿಯಾ ಅಪ್ಗಾರ್ ಅವರ ಬದುಕನ್ನು ನೋಡಬೇಕು.

ಸರ್ಜನ್ ಆಗಬೇಕಿದ್ದವರು

1909ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅಪ್ಗಾರ್, 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಸರ್ಜರಿಯಲ್ಲಿ ಮಹಿಳೆಯರಿಗೆ ದಾರಿ ಕಷ್ಟವೆಂದು ಹಿರಿಯ ವೈದ್ಯರು ಹೇಳಿದ್ದರಿಂದ ಅರಿವಳಿಕೆ ವಿಭಾಗಕ್ಕೆ ಬಂದರು. 1949ರಲ್ಲಿ ಆ ವೈದ್ಯಕೀಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕರಾದರು. ಆದರೆ ವಿಭಾಗದ ಮುಖ್ಯಸ್ಥರ ಹುದ್ದೆ ಪುರುಷ ವೈದ್ಯರೊಬ್ಬರಿಗೆ ಹೋಯಿತು. ಅಪ್ಗಾರ್ ಹೆರಿಗೆ ಕೋಣೆಯತ್ತ ಹೊರಳಿದರು.

ಎಲ್ಲರಿಗೂ ಒಂದೇ ಭಾಷೆ

ಆಗ ಹೆರಿಗೆ ಕೋಣೆಯಲ್ಲಿ ಎಲ್ಲರ ಗಮನ ತಾಯಿಯ ಮೇಲಿರುತ್ತಿತ್ತು. ಮಗು ಹೇಗಿದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹೊಸ ಶಿಶುವನ್ನು ಅಳೆಯುವುದು ಹೇಗೆ ಎಂದು ವಿದ್ಯಾರ್ಥಿಯೊಬ್ಬರು ಕೇಳಿದಾಗ, ಅಪ್ಗಾರ್ ಅಲ್ಲೇ ಸಿಕ್ಕ ಕಾಗದದ ಮೇಲೆ ಐದು ಅಂಶ ಬರೆದರಂತೆ: ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಕೆಣಕಿದಾಗ ಪ್ರತಿಕ್ರಿಯೆ, ಮೈಬಣ್ಣ. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ. 1953ರಲ್ಲಿ ಇದು ಪ್ರಕಟವಾಯಿತು.

ಇದಕ್ಕೆ ಯಂತ್ರ ಬೇಕಿರಲಿಲ್ಲ. ತರಬೇತಿ ಪಡೆದ ನರ್ಸ್ ಕೂಡ ಹುಟ್ಟಿದ ಒಂದು ನಿಮಿಷಕ್ಕೆ ಅಂಕ ಕೊಡಬಹುದಿತ್ತು. ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದು, ತಮ್ಮ ಕೆಲಸಕ್ಕೆ ತಾವೇ ಹೆಚ್ಚು ಅಂಕ ಹಾಕಿಕೊಳ್ಳುವ ಸಾಧ್ಯತೆ ಇದೆ ಎಂಬುದು ಅವರ ನಿಲುವು. ನರ್ಸ್, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು ಎಲ್ಲರಿಗೂ ‘3’ ಎಂದರೆ ಒಂದೇ ಅರ್ಥ: ಮಗು ಅಪಾಯದಲ್ಲಿದೆ. ಮುಂದೆ ಅವರ ತಂಡ 15 ಸಾವಿರಕ್ಕೂ ಹೆಚ್ಚು ಶಿಶುಗಳನ್ನು ಪರಿಶೀಲಿಸಿ, ಕಡಿಮೆ ಅಂಕದ ಶಿಶುಗಳಲ್ಲಿ ಸಾವು ಹೆಚ್ಚು ಎಂದು ತೋರಿಸಿತು.

ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ ‘ಅಪ್ಗಾರ್’ ಆಯಿತು ಎಂದು ಹಲವರು ನಂಬಿದ್ದಾರೆ. ಆ ಜೋಡಣೆ ನೆನಪಿಗೆ ಅನುಕೂಲವಾಗಲೆಂದು 1960ರ ದಶಕದಲ್ಲಿ ಬಂದದ್ದು. ಹೆಸರು ಅವರದೇ.

1959ರ ನಂತರ ಅವರು ಜನ್ಮಜಾತ ದೋಷಗಳ ತಡೆಗೆ ದುಡಿದು, 1974ರಲ್ಲಿ 65ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಂದಿಗೆ ಇದರಿಂದ ಏನು?

ಉಸಿರಾಡದ ಮಗುವಿಗೆ ಒಂದು ನಿಮಿಷದ ಅಂಕಕ್ಕಾಗಿ ಈಗ ಯಾರೂ ಕಾಯುವುದಿಲ್ಲ; ಚಿಕಿತ್ಸೆ ತಕ್ಷಣ ಶುರುವಾಗುತ್ತದೆ. ಭಾರತದಲ್ಲೂ 2009ರಿಂದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಬ್ಬಂದಿಗೆ ಇದರ ತರಬೇತಿ ಇದೆ. ಯಾರು ಏನು ಮಾಡಬೇಕು ಎಂದು ಮೊದಲೇ ಹಂಚಿಕೊಳ್ಳುವುದು, ಕಂಡದ್ದನ್ನು ಸ್ಪಷ್ಟವಾಗಿ ಹೇಳುವುದು ಇಂಥ ತುರ್ತು ಕೆಲಸದಲ್ಲಿ ಔಷಧದಷ್ಟೇ ಮುಖ್ಯ.

ನೆನಪಿಡಿ: ಅಪ್ಗಾರ್ ಸ್ಕೋರ್ ಹುಟ್ಟಿದ ಕ್ಷಣದ ಸ್ಥಿತಿಯನ್ನು ಮಾತ್ರ ಹೇಳುತ್ತದೆ. 7ರಿಂದ 10 ಇದ್ದರೆ ಸಮಾಧಾನಕರ. ಆರೋಗ್ಯವಂತ ಶಿಶುವಿನ ಕೈಕಾಲೂ ಆರಂಭದಲ್ಲಿ ನೀಲಿಯಾಗಿರುವುದರಿಂದ 10 ಸಿಗುವುದು ಅಪರೂಪ. ನಿಮ್ಮ ಮಗು ಎಷ್ಟು ಜಾಣ ಆಗುತ್ತದೆ ಎಂದು ಅದು ಹೇಳುವುದಿಲ್ಲ. ಹಾಗೆಂದು ಫಾರ್ವರ್ಡ್ ಬಂದರೆ ನಂಬಬೇಡಿ, ಅನುಮಾನವಿದ್ದರೆ ಮಕ್ಕಳ ವೈದ್ಯರನ್ನೇ ಕೇಳಿ.