ಸೋಲಾಪುರದಲ್ಲಿ ಅರವತ್ತೆಂಟು ಲಿಂಗಗಳ ಹುಡುಕಾಟ

ಮಕ್ಕಳೇ, ಅಮೆರಿಕದ ಸೌತ್ ಕೆರೊಲಿನಾದಲ್ಲಿ ಗ್ರೀನ್‌ವಿಲ್ ಎಂಬ ಊರಿದೆ. ಅದರ ಮುಖ್ಯ ಬೀದಿಯ ಉದ್ದಕ್ಕೂ ಒಂಬತ್ತು ಪುಟ್ಟ ಕಂಚಿನ ಇಲಿಗಳು ಅಡಗಿ ಕೂತಿವೆ. ಹೈಸ್ಕೂಲಿನ ಹುಡುಗನೊಬ್ಬನಿಗೆ ಹೊಳೆದ ಆಟ ಅದು. ಸುಳಿವು ಹಿಡಿದು ಇಲಿ ಹುಡುಕುತ್ತ ಹೋದವರಿಗೆ ಆ ಬೀದಿಯೆಲ್ಲ ಪರಿಚಯವಾಗಿಬಿಡುತ್ತದೆ. ನಿಮ್ಮಲ್ಲಿ ಹಲವರು ನೀವಿರುವ ಊರಲ್ಲೂ ಇಂಥ ಆಟ ಆಡಿರುತ್ತೀರಿ. ಮುಂದಿನ ರಜೆಯಲ್ಲಿ ಅಜ್ಜ-ಅಜ್ಜಿಯ ಊರಿಗೆ ಹೋದಾಗ ಆಡಲು ಅದಕ್ಕಿಂತ ದೊಡ್ಡ ಆಟವೊಂದನ್ನು ಹೇಳುತ್ತೇನೆ. ಸೋಲಾಪುರದಲ್ಲಿ ಹುಡುಕಬೇಕಾದದ್ದು ಅರವತ್ತೆಂಟು ಲಿಂಗ!

ನಮ್ಮ ಊರು ಕುಂಭಾರಿ. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ನಕಾಶೆಯಲ್ಲಿ ಮಹಾರಾಷ್ಟ್ರ, ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಇಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ 10,000 ಮನೆಗಳ ವಸಾಹತು ಎದ್ದ ಮೇಲೆ ತೆಲುಗೂ ಕಿವಿಗೆ ಬೀಳುತ್ತದೆ. ಇಲ್ಲಿಯ ಮಕ್ಕಳು ಮೂರೂ ಭಾಷೆ ಕಲಸಿ ಜಗಳವಾಡುವುದನ್ನು ಕೇಳಲು ನನಗೆ ಬಲು ಇಷ್ಟ. ಸಂಕ್ರಾಂತಿ ಬಂತೆಂದರೆ ಸುತ್ತಲಿನ ಹಳ್ಳಿಗಳೆಲ್ಲ ಸೋಲಾಪುರದ ದಾರಿ ಹಿಡಿಯುತ್ತವೆ. ಅಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ.

ಸಿದ್ಧರಾಮ ಯಾರು? ಹನ್ನೆರಡನೆಯ ಶತಮಾನದ ಶರಣ, ವಚನಕಾರ. ಆಗ ಸೋಲಾಪುರಕ್ಕೆ ಸೊನ್ನಲಿಗೆ ಎಂದು ಹೆಸರು. ತಂದೆ ಮುದ್ದಗೌಡ, ತಾಯಿ ಸುಗ್ಗವ್ವೆ. ಅವನ ಕಥೆಯನ್ನು ರಾಘವಾಂಕ ಕವಿ 'ಸಿದ್ಧರಾಮ ಚಾರಿತ್ರ'ದಲ್ಲಿ ಹೇಳಿದ್ದಾನೆ. ಹುಡುಗ ಹೆಚ್ಚು ಮಾತಾಡುತ್ತಿರಲಿಲ್ಲವಂತೆ, ದನ ಕಾಯುತ್ತಿದ್ದನಂತೆ. ಒಂದು ದಿನ ಹೊಲಕ್ಕೆ ಜಂಗಮನೊಬ್ಬ ಬಂದ. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದ. ಹಸಿವಾಗಿದೆ ಎಂದು ಕೇಳಿದ. ಹುಡುಗ ಮನೆಗೆ ಓಡಿದ, ಅವ್ವನಿಂದ ಊಟ ತಂದ. ಬಂದು ನೋಡಿದರೆ ಮಲ್ಲಯ್ಯ ಇಲ್ಲ! ಮಲ್ಲಯ್ಯಾ, ಮಲ್ಲಯ್ಯಾ ಎಂದು ಅಳುತ್ತ ಅವನು ಯಾತ್ರಿಕರ ಹಿಂದೆ ಶ್ರೀಶೈಲದವರೆಗೂ ನಡೆದ. ಎಲ್ಲೂ ಕಾಣದೆ ಕಮರಿಗೆ ಹಾರಲು ಹೋದಾಗ ಮಲ್ಲಿಕಾರ್ಜುನನೇ ಹಿಡಿದು ನಿಲ್ಲಿಸಿದ, ಸೊನ್ನಲಿಗೆಗೆ ಮರಳಿ ಹೋಗು ಎಂದ.

ಮರಳಿ ಬಂದವನು ಕೈಕಟ್ಟಿ ಕೂರಲಿಲ್ಲ. ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗ ಅಲ್ಲಿ ಕೆಲಸ ಭರದಿಂದ ನಡೆದಿತ್ತು. ನಿಮ್ಮ ಒಡ್ಡರಾಮ ಎಲ್ಲಿ ಎಂದು ಅಲ್ಲಮ ಕೇಳಿದ್ದಕ್ಕೆ ಕೆಲಸದವರು ಸಿಟ್ಟಾಗಿ ಕಲ್ಲು ಬೀರಿದರಂತೆ. ಕಲ್ಲು ಒಡೆಯುವ, ಮಣ್ಣು ಅಗೆಯುವ ಭೋವಿ ಜನ ಇಂದಿಗೂ ಸಿದ್ಧರಾಮನನ್ನು ತಮ್ಮ ಗುರು ಎನ್ನುತ್ತಾರೆ. ಅವನ ವಚನಗಳು ಸಾವಿರಕ್ಕೂ ಹೆಚ್ಚು ಉಳಿದಿವೆ. ಬೆವರು ಸುರಿಸಿ ಊರಿಗೆ ನೀರು ತಂದವನು ಎಂಬುದೇ ನನಗೆ ಅವನ ಎಲ್ಲಕ್ಕಿಂತ ದೊಡ್ಡ ಗುರುತು. ಊರ ನಡುವಿನ ಸಿದ್ಧೇಶ್ವರ ಕೆರೆ, ನೀರು ಸುತ್ತುವರಿದ ಆ ಗುಡಿ, ಅಂಗಳದಲ್ಲಿ ಅವನ ಸಮಾಧಿ — ನಿಮ್ಮ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಈಗ ಅರವತ್ತೆಂಟರ ವಿಷಯ. ಹಳೆಯ ಶಿವಭಕ್ತರು ದೇಶದಲ್ಲಿ ಅರವತ್ತೆಂಟು ತೀರ್ಥಗಳಿವೆ ಎಂದು ಲೆಕ್ಕ ಹಾಕುತ್ತಿದ್ದರು. ಅಷ್ಟು ದೂರ ತಿರುಗಲು ಬಡವರಿಗೆ ಆಗುತ್ತದೆಯೇ? ಸಿದ್ಧರಾಮ ತನ್ನ ಊರಿನ ಸುತ್ತಲೇ ಅರವತ್ತೆಂಟು ಲಿಂಗ ಸ್ಥಾಪಿಸಿದ ಎಂದು ಜನ ನಂಬುತ್ತಾರೆ. ಆಮೇಲೆ ಊರು ಬೆಳೆಯಿತು. ಕೋಟೆ ಬಂತು, ಗಿರಣಿಗಳು ಬಂದವು, ರೈಲು ಬಂತು. ಲಿಂಗಗಳು ಊರೊಳಗೆ ಸೇರಿಹೋದವು. ಕೆಲವು ದೊಡ್ಡ ಗುಡಿಗಳಲ್ಲಿವೆ. ಕೆಲವು ಗಲ್ಲಿಯ ತಿರುವಿನಲ್ಲಿ, ಮೊಣಕಾಲೆತ್ತರದ ಗೂಡಿನಲ್ಲಿವೆ. ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. ಕಲ್ಲು ಎಣ್ಣೆ ಕುಡಿದು ಕುಡಿದು ಕಪ್ಪಗೆ ಮಿರುಗುತ್ತಿರುತ್ತದೆ.

ಆ ಎಣ್ಣೆ ಬರುವುದು ಜಾತ್ರೆಯ ಮೊದಲ ದಿನ. ಹಿರೇಹಬ್ಬು ಮನೆತನದ ವಾಡೆಯಿಂದ ಏಳು ನಂದಿಕೋಲುಗಳು ಹೊರಡುತ್ತವೆ. ಒಂದೊಂದೂ ಮಾಳಿಗೆ ಮನೆಯನ್ನು ಮೀರುವ ಎತ್ತರ. ಹನ್ನೆರಡು ಕಟ್ಟಿನ ಬಿಳಿಯ ಬಾರಾಬಂದಿ ತೊಟ್ಟವನೊಬ್ಬ ಸೊಂಟಕ್ಕೆ ಆನಿಸಿ ಎತ್ತುತ್ತಾನೆ. ಸುತ್ತಲಿನವರು ತುದಿಯ ಮೇಲೆ ಕಣ್ಣಿಟ್ಟು ಜೊತೆಗೆ ನಡೆಯುತ್ತಾರೆ. ತುದಿ ಒಂದಿಷ್ಟು ವಾಲಿದರೂ ಸಾಕು, ಎಲ್ಲರ ಉಸಿರು ಗಂಟಲಲ್ಲೇ ನಿಲ್ಲುತ್ತದೆ. ಎತ್ತುವ ಮಾನ ಬೇರೆ ಬೇರೆ ಸಮಾಜದವರಿಗೆ ಹಂಚಿಹೋಗಿದೆ. ಒಬ್ಬರಿಲ್ಲದೆ ಇನ್ನೊಬ್ಬರ ಜಾತ್ರೆ ಸಾಗದು. ಅರವತ್ತೆಂಟೂ ಕಡೆ ಹೋಗಿ ಎಣ್ಣೆ ಎರೆದು ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಮರಾಠಿ ಪತ್ರಿಕೆಗಳೂ ಇದನ್ನು 'ಯಣ್ಣಿಮಜ್ಜನ' ಎಂದೇ ಬರೆಯುತ್ತವೆ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ: ಸಿದ್ಧರಾಮನನ್ನು ಮದುವೆಯಾಗಬೇಕೆಂದು ಹಟ ಹಿಡಿದ ಕುಂಬಾರರ ಹುಡುಗಿಗೆ ಅವನ ಯೋಗದಂಡದೊಡನೆ ಆದ ಮದುವೆಯ ನೆನಪು. ಬಿಳಿ ಬಟ್ಟೆಯ ಸಾವಿರಾರು ಜನ ಒಮ್ಮೆಗೇ ಅಕ್ಷತೆ ಎರಚುತ್ತಾರೆ.

ಜಾತ್ರೆ ಹೊತ್ತಿಗೆ ಹೋಗಲಾಗದಿದ್ದರೂ ಹುಡುಕಾಟಕ್ಕೆ ಅಡ್ಡಿಯಿಲ್ಲ. ಒಂದು ವಹಿ ಹಿಡಿದುಕೊಳ್ಳಿ. ಒಂದೊಂದು ಲಿಂಗ ಸಿಕ್ಕಾಗಲೂ ಹೆಸರು, ಓಣಿ, ಪಕ್ಕದಲ್ಲಿ ಏನಿದೆ ಎಂದು ಬರೆದು ಚಿತ್ರ ತೆಗೆಯಿರಿ. ಫೋನಿನ ನಕಾಶೆ ನಂಬಬೇಡಿ. ಕಟ್ಟೆಯ ಮೇಲೆ ಕೂತ ಅಜ್ಜನನ್ನು ಕೇಳಿ: "ಅಜ್ಜಾ, ಇಲ್ಲಿ ಅರವತ್ತೆಂಟು ಲಿಂಗದಾಗಿನ ಲಿಂಗ ಎಲ್ಲಿ ಐತ್ರಿ?" ನೀವು ಕನ್ನಡದಲ್ಲಿ ಕೇಳಿದರೆ ಅವರು ದಾರಿ ಹೇಳಿ ಸುಮ್ಮನಾಗುವುದಿಲ್ಲ, ಎದ್ದು ಜೊತೆಗೇ ಬರುತ್ತಾರೆ.

ದಾರಿಯಲ್ಲಿ ಬೇರೆಯವೂ ಸಿಗುತ್ತವೆ. ಚಾರ್ ಹುತಾತ್ಮಾ ಚೌಕದಲ್ಲಿ ನಾಲ್ವರ ಪ್ರತಿಮೆಗಳಿವೆ: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ. 1930ರಲ್ಲಿ ಸೋಲಾಪುರ ಬ್ರಿಟಿಷರ ವಿರುದ್ಧ ಎದ್ದು ನಿಂತಾಗ ಹಿಡಿದ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಜಾತ್ರೆಗೆ ಊರು ಸಜ್ಜಾಗುವ ದಿನಗಳಲ್ಲೇ! ಆ ಚೌಕದಲ್ಲಿ ಅವಸರ ಮಾಡಬೇಡಿ, ನಾಲ್ಕು ಹೆಸರನ್ನೂ ಗಟ್ಟಿಯಾಗಿ ಓದಿ. ಚೀನಾದಲ್ಲಿ ಗಾಯಾಳು ಸೈನಿಕರ ಸೇವೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಇದೇ ಊರಿನವರು. ಅವರ ಸ್ಮಾರಕವೂ ಇಲ್ಲಿದೆ.

ಇನ್ನೊಂದು ದಿನ ಉಳಿದರೆ ಹತ್ತರಸಂಗ ಕೂಡಲಕ್ಕೆ ಹೋಗಿ. ಭೀಮಾ ಮತ್ತು ಸೀನಾ ನದಿಗಳು ಅಲ್ಲಿ ಕೂಡುತ್ತವೆ. ಸಂಗಮೇಶ್ವರ ಗುಡಿಯ ತೊಲೆಯೊಂದರ ಮೇಲೆ ಶಕ 940ರ, ಅಂದರೆ 1018ರ, ಮರಾಠಿ ಶಾಸನವಿದೆ. ಶ್ರವಣಬೆಳಗೊಳದ ಗೊಮ್ಮಟನ ಕಾಲಬಳಿಯ ಮರಾಠಿ ಸಾಲೇ ಎಲ್ಲಕ್ಕಿಂತ ಹಳೆಯದೆಂದು ಮೊದಲು ತಿಳಿದಿದ್ದರು; ಈಗ ಆ ಮಾನವನ್ನು ಹಲವರು ಕೂಡಲಕ್ಕೆ ಕೊಡುತ್ತಾರೆ. ಸೋಲಾಪುರದ ಆನಂದ ಕುಂಭಾರ ಅವರು ಈ ಜಿಲ್ಲೆಯ ಹಳ್ಳಿಹಳ್ಳಿ ತಿರುಗಿ ಇಂಥ ಶಾಸನಗಳನ್ನು ಹುಡುಕಿ ಓದಿದರು, ಪುಸ್ತಕವಾಗಿ ಪ್ರಕಟಿಸಿದರು. ಅವುಗಳಲ್ಲಿ ಕನ್ನಡದವು ಬಹಳ. ಕನ್ನಡ ನೆಲದಲ್ಲಿ ಮರಾಠಿ ಸಾಲು, ಮರಾಠಿ ನೆಲದಲ್ಲಿ ಕನ್ನಡ ಕಲ್ಲು: ಗಡಿಯಾಚೆ ಈಚೆ ಜಗಳ ಹಚ್ಚುವವರು ಒಮ್ಮೆ ಬಂದು ನೋಡಬೇಕು.

ಅಲ್ಲಿಯೇ ಪಕ್ಕದ ಹರಿಹರೇಶ್ವರ ಗುಡಿಯಲ್ಲಿ, ಮಣ್ಣಿನಡಿ ಹೂತಿದ್ದು ಉತ್ಖನನದಲ್ಲಿ ಹೊರಬಂದ ಬಹುಮುಖಿ ಲಿಂಗವಿದೆ. ಮೈತುಂಬ ಸಾಲುಸಾಲಾಗಿ ಕೆತ್ತಿದ ಪುಟ್ಟ ಶಿವಮುಖಗಳು, ಒಟ್ಟು 359. ಬಿಸಿಲು ಏರುವ ಮೊದಲೇ ಹೋಗಿ. ಇಬ್ಬರು ಎದುರುಬದುರು ಕೂತು ಕೆಳಗಿನ ಸಾಲಿನಿಂದ ಎಣಿಸಿ, ಲೆಕ್ಕ ತಾಳೆಯಾಗುವವರೆಗೂ ಏಳಬೇಡಿ. ವಹಿಯ ಹಾಳೆಗಳನ್ನು ನಮ್ಮ ಕನ್ನಡ ಕೂಟಕ್ಕೆ ಕಳಿಸಿ, ಕೂಟದ ಪತ್ರಿಕೆಯ ಯುಗಾದಿ ಸಂಚಿಕೆಯಲ್ಲಿ ಹಾಕೋಣ.