ಹರ್ಮನ್ ಮೋಗ್ಲಿಂಗರು

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಮೋಗ್ಲಿಂಗರೆಂದು ನಾವೆಲ್ಲರೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ಆದರೆ ಅವರು ನಮ್ಮ ಕೊಡಗಿನಲ್ಲಿಯೂ ಕೆಲವು ವರ್ಷ ಬಾಳಿದರೆಂಬುದು ಶನಿವಾರಸಂತೆಯ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಜರ್ಮನಿಯ ಬ್ರಾಕನ್‌ಹೈಮಿನಲ್ಲಿ 1811ರಲ್ಲಿ ಹುಟ್ಟಿದ ಇವರು ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರವನ್ನು ಓದಿ, ಬಾಸೆಲ್ ಮಿಶನ್ನಿನವರಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಅವರು ಕಲಿತು ತಂದ ತತ್ತ್ವ ಇಷ್ಟು: ಮನುಷ್ಯನು ತನ್ನ ಪುಣ್ಯದ ಬಲದಿಂದ ಉದ್ಧಾರವಾಗಲಾರನು; ನಂಬಿಕೆಯು ಸಹ ದೇವರ ಕೃಪೆಯಿಂದಲೇ ಹುಟ್ಟತಕ್ಕದ್ದು. ನಂಬದೆ ಹೋದರೆ ಮಾತ್ರ ಹೊಣೆ ಮನುಷ್ಯನದು. ಇದೊಂದು ಒಗಟಲ್ಲವೆ? ಕೊಡುವವನೇ ಕೊಡದಿದ್ದ ಮೇಲೆ ಪಡೆಯದವನ ತಪ್ಪೇನು? ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿಯೊ, ತಾಯಿಯೇ ಕಚ್ಚಿಕೊಂಡು ಒಯ್ಯುವ ಬೆಕ್ಕಿನಮರಿಯೊ ಎಂದು ನಮ್ಮ ಶ್ರೀವೈಷ್ಣವರು ಎರಡು ಪಂಗಡವಾಗಿ ವಾದಿಸಿದ್ದೂ ಇದನ್ನೇ. ದಾಸರ ಪದಗಳನ್ನು 1850ರಲ್ಲಿ ಅಚ್ಚು ಹಾಕಿಸಿದ ಮೋಗ್ಲಿಂಗರಿಗೆ ಹರಿಪ್ರಸಾದದ ಮಾತು ಅಪರಿಚಿತವಾಗಿದ್ದಿರಲಾರದು.

ಮೈಯಲ್ಲಿ ಆರೋಗ್ಯವಿಲ್ಲದೆ ಅವರು ತಾಯ್ನಾಡಿಗೆ ಹೊರಡಲು ಸಿದ್ಧರಾಗಿದ್ದಾಗ ಆಲಮಂಡ ಸೋಮಯ್ಯನೆಂಬ ಕೊಡವರು ಕ್ರೈಸ್ತನಾಗಬೇಕೆಂದು ಮಂಗಳೂರಿಗೆ ಬಂದರು. ಮೋಗ್ಲಿಂಗರು ಪ್ರಯಾಣವನ್ನು ನಿಲ್ಲಿಸಿಬಿಟ್ಟರು. 1853ರಲ್ಲಿ ಸೋಮಯ್ಯನವರು ಸ್ತೆಫಾನರಾದರು. ಗುರುಗಳು ಶಿಷ್ಯನ ಹಿಂದೆ ಕೊಡಗಿಗೆ ನಡೆದರು. ಇದು ದೇವರ ಕರೆಯೇ ಎಂದು ಅವರು ನಂಬಿದ್ದರು.

ಆದರೆ ಕೊಡವರು ಸೋಮಯ್ಯನವರ ದಾರಿ ಹಿಡಿಯಲಿಲ್ಲ. ಬಂದವರು ಬೇರೆ: ಅಸ್ಪೃಶ್ಯರೆನಿಸಿ, ತಲೆಮಾರುಗಳಿಂದ ಒಡೆಯರ ಗದ್ದೆಗಳಲ್ಲಿ ಜೀತಕ್ಕೆ ದುಡಿಯುತ್ತಿದ್ದ ಬಡವರು. ಅವರಿಗಾಗಿ ಅಮ್ಮತ್ತಿಯ ಕಡೆ ಆನಂದಪುರವೆಂಬ ಹಳ್ಳಿ ಎದ್ದಿತು. ಬಂದವರನ್ನು ಕರೆತಂದದ್ದು ಕೃಪೆಯೊ, ಸ್ವಂತದ್ದೆಂದು ಹೇಳಿಕೊಳ್ಳುವ ಮನೆ ಹೊಲಗಳ ಆಸೆಯೊ ಎಂದು ಕೇಳುವವರುಂಟು. ಜೀತದ ಹಗ್ಗವನ್ನು ಹರಿದುಕೊಳ್ಳಬಯಸಿದವನಲ್ಲಿ ಇವೆರಡನ್ನು ಬಿಡಿಸಿ ತೂಗುವ ತಕ್ಕಡಿ ನನಗಂತೂ ಕಾಣದು. ಬಾರದೆ ಹೋದ ಕೊಡವರೂ ತಮ್ಮ ಗುರುಕಾರಣರನ್ನೂ ಕಾವೇರಮ್ಮೆಯನ್ನೂ ಬಿಡಲೊಲ್ಲದವರು. ಅದನ್ನು ಅಪರಾಧವೆನ್ನಲು ನನ್ನ ನಾಲಗೆ ಏಳದು. ಮೋಗ್ಲಿಂಗರ ತತ್ತ್ವ ಅದನ್ನೇ ಹೇಳಬೇಕಾಗಿತ್ತು. ಹಾಗಿದ್ದೂ 1855ರಲ್ಲಿ ಅವರು ಕೊಡಗಿನ ಚರಿತ್ರೆಯನ್ನೂ ಜನಜೀವನವನ್ನೂ ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಕನ್ನಡದ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಅವರು ಜರ್ಮನಿಗೆ ಮರಳಿದರು. ಮತ್ತೆ ಕೊಡಗನ್ನು ಕಾಣಲಿಲ್ಲ. 1881ರಲ್ಲಿ ಎಸ್ಲಿಂಗನ್ನಿನಲ್ಲಿ ತೀರಿಕೊಂಡರು.