ಮರಳನ್ನು ಓದಿದ ಎಂಜಿನಿಯರ್: ರಾಲ್ಫ್ ಬ್ಯಾಗ್ನಾಲ್ಡ್

ಕಳೆದ ಸೆಮಿಸ್ಟರ್‌ನಲ್ಲಿ ವರ್ಕ್‌ಶಾಪ್ ಹಿಂದಿನ ಮರಳಲ್ಲಿ ನಮ್ಮ ಟೀಮಿನ ಆಫ್‌ರೋಡ್ ಬಗ್ಗಿ ಹೂತುಕೊಂಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆಕ್ಸಿಲರೇಟರ್ ಒತ್ತಿದಷ್ಟೂ ಹಿಂದಿನ ಚಕ್ರ ಒಳಗೇ ಇಳೀತಿತ್ತು. ದೊಡ್ಡ ಟೈರ್ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ಸುತ್ತ ನಿಂತವರೆಲ್ಲ ಹೇಳಿದರು. ಹಾಕಿದ್ವಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟೈರು ಟೈ ರಾಡಿಗೆ ಉಜ್ಜೋಕೆ ಶುರುವಾಯ್ತು, ಪಿಕಪ್ಪೂ ಕಮ್ಮಿಯಾಯ್ತು. ಟೀಮಿನ ದುಡ್ಡು ಖರ್ಚಾಗಿತ್ತು, ಸಮಸ್ಯೆ ಹಾಗೇ ಇತ್ತು. ನಾವು ತಪ್ಪಿದ್ದೆಲ್ಲಿ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ಸುಮಾರು ನೂರು ವರ್ಷದ ಹಿಂದೆ ಇದೇ ಪ್ರಶ್ನೆಯನ್ನು ಸಹಾರಾ ಮರುಭೂಮಿಯ ನಡುವೆ ಎದುರಿಸಿದ ಒಬ್ಬ ಎಂಜಿನಿಯರ್‌ನ ಕಥೆ.

ರಾಲ್ಫ್ ಆಲ್ಜರ್ ಬ್ಯಾಗ್ನಾಲ್ಡ್ ಹುಟ್ಟಿದ್ದು 1896ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ. ಅಪ್ಪ ಸೈನ್ಯದ ರಾಯಲ್ ಎಂಜಿನಿಯರ್ಸ್ ದಳದ ಅಧಿಕಾರಿ. ಅಕ್ಕ ಎನಿಡ್ ಮುಂದೆ ಹೆಸರಾಂತ ಲೇಖಕಿಯಾದಳು. ಹುಡುಗ ಅಪ್ಪನ ದಾರಿಯನ್ನೇ ಹಿಡಿದು 1915ರಲ್ಲಿ ಅದೇ ದಳ ಸೇರಿ, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳನ್ನು ಕಂಡ. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಿ ಮತ್ತೆ ಸೈನ್ಯಕ್ಕೆ ಮರಳಿದ. 1926ರಲ್ಲಿ ಕೈರೋಗೆ ವರ್ಗವಾಯಿತು. ಕತೆ ನಿಜವಾಗಿ ಶುರುವಾಗೋದು ಅಲ್ಲಿಂದ.

ರಜೆ ಸಿಕ್ಕರೆ ಉಳಿದ ಅಧಿಕಾರಿಗಳು ಪೋಲೋ ಆಡ್ತಿದ್ದ ಕಾಲ ಅದು. ಬ್ಯಾಗ್ನಾಲ್ಡ್ ಮತ್ತು ಗೆಳೆಯರು ಮಾತ್ರ ಸ್ವಂತ ಖರ್ಚಿನಲ್ಲಿ ಫೋರ್ಡ್ ಕಾರು ಹತ್ತಿ ಮರುಭೂಮಿಗೆ ಹೊರಡ್ತಿದ್ದರು. ಬಳಿಕ ಆತನಿಗೆ ಬ್ರಿಟಿಷ್ ಭಾರತಕ್ಕೆ ವರ್ಗವಾದರೂ ಈ ಹುಚ್ಚು ಬಿಡಲಿಲ್ಲ. 1929, 1930, 1932ರಲ್ಲಿ ದೊಡ್ಡ ಯಾತ್ರೆಗಳೇ ನಡೆದವು. ಗಾಡಿ ಫೋರ್ಡ್ ಮಾಡೆಲ್ ಎ. 3.3 ಲೀಟರ್ ಎಂಜಿನ್, 40 ಅಶ್ವಶಕ್ತಿ, ಹಿಂದಿನ ಚಕ್ರಕ್ಕೆ ಮಾತ್ರ ಡ್ರೈವ್. ಫೋರ್‌ವೀಲ್ ಡ್ರೈವ್ ಇಲ್ಲ, ಡಿಫರೆನ್ಷಿಯಲ್ ಲಾಕ್ ಇಲ್ಲ. ಇವತ್ತು ಯಾರಾದರೂ ಇಂಥ ಗಾಡಿಯಲ್ಲಿ ಮರಳಿಗೆ ಇಳೀತೀನಿ ಅಂದ್ರೆ ನಾವು ನಗ್ತೀವಿ.

ಬ್ಯಾಗ್ನಾಲ್ಡ್ ಮಾಡಿದ ಮೊದಲ ಕೆಲಸ ಗಾಡಿಗೆ ಏನನ್ನೂ ಸೇರಿಸೋದಲ್ಲ, ಇದ್ದಿದ್ದನ್ನು ಕಳಚೋದು. ಮಡ್‌ಗಾರ್ಡ್, ವಿಂಡ್‌ಸ್ಕ್ರೀನ್, ಟಾಪ್ ಎಲ್ಲ ಬಿಚ್ಚಿಸಿ, ಹಿಂದೆ ಹಗುರವಾದ ಮರದ ಪೆಟ್ಟಿಗೆ ಕೂರಿಸಿದ. ಅಗಲ ಟೈರಿನಲ್ಲಿ ಗಾಳಿ ಇಳಿಸಿ ಓಡಿಸೋ ಅಭ್ಯಾಸ ಬಂತು. ಇದರ ಹಿಂದಿನ ಲೆಕ್ಕ ನಮಗೆಲ್ಲ ಗೊತ್ತಿರೋದೇ: ಒತ್ತಡ ಅಂದ್ರೆ ಭಾರ ಭಾಗಿಸು ವಿಸ್ತೀರ್ಣ. ಒಂದು ಚಕ್ರದ ಮೇಲೆ 375 ಕೆ.ಜಿ. ಭಾರ ಇದೆ ಅಂದುಕೊಳ್ಳಿ. ಟೈರಿನಲ್ಲಿ 30 ಪಿಎಸ್‌ಐ ಗಾಳಿ ಇದ್ದರೆ ನೆಲಕ್ಕೆ ತಾಗೋ ಜಾಗ ಸುಮಾರು 180 ಚದರ ಸೆಂಟಿಮೀಟರ್. ಅದನ್ನೇ 15ಕ್ಕೆ ಇಳಿಸಿದರೆ ಸುಮಾರು 360. ಟೈರಿನ ಗಡಸುತನ ಬಿಟ್ಟು ಮಾಡಿದ ಸರಳ ಲೆಕ್ಕ ಇದು, ಆದರೂ ದಿಕ್ಕು ತೋರಿಸುತ್ತೆ. ಗಾಳಿ ಇಳಿಸಿದಾಗ ತಾಗೋ ಜಾಗ ಹೆಚ್ಚಾಗಿ ಬೆಳೆಯೋದು ಉದ್ದಕ್ಕೆ, ಟ್ಯಾಂಕಿನ ಪಟ್ಟಿಯ ಹಾಗೆ. ದೊಡ್ಡ ಟೈರಿನ ನಿಜವಾದ ಲಾಭ ಇಲ್ಲಿದೆ: ಗಾಳಿ ಇಳಿಸಿದ ಮೇಲೂ ರಿಮ್ಮು ನೆಲಕ್ಕೆ ಬಡಿಯದಷ್ಟು ರಬ್ಬರು ಉಳಿಯುತ್ತೆ.

ಹೂತರೆ ಎತ್ತೋದಕ್ಕೂ ಉಪಾಯ ಇತ್ತು. ಯುದ್ಧಕಾಲದ ಬಂಕರುಗಳ ಛಾವಣಿಗೆಂದು ತಯಾರಾಗಿದ್ದ ಉಕ್ಕಿನ ಉದ್ದನೆ ತಗಡುಗಳನ್ನು ಕೈರೋದ ಗುಜರಿಯಲ್ಲಿ ಕೊಂಡು, ಚಕ್ರದ ಕೆಳಗೆ ತೂರಿಸಿ ಗಾಡಿ ಹೊರಗೆ ತರ್ತಿದ್ದರು. ರೇಡಿಯೇಟರಿನಿಂದ ಹೊರಬೀಳೋ ಆವಿಯನ್ನು ಪೈಪಿನ ಮೂಲಕ ನೀರಿನ ಡಬ್ಬಿಗೆ ಹಾಯಿಸಿ ತಣಿಸಿ, ಅದೇ ನೀರನ್ನು ಮತ್ತೆ ಬಳಸ್ತಿದ್ದರು. ಗಾಡಿಯ ಕಬ್ಬಿಣದಿಂದ ಕಾಂತದ ದಿಕ್ಸೂಚಿ ತಪ್ಪು ತೋರಿಸ್ತಿತ್ತು. ಅದಕ್ಕೆ ನೆರಳು ನೋಡಿ ದಿಕ್ಕು ಹೇಳೋ ಸೂರ್ಯ ದಿಕ್ಸೂಚಿಯನ್ನು ಆತ ಸುಧಾರಿಸಿಕೊಂಡ.

1930ರಲ್ಲಿ ಐನ್ ದಲ್ಲಾ ಎಂಬಲ್ಲಿ ಈಜಿಪ್ಟಿನ ಮಹಾ ಮರಳಸಾಗರ ಎದುರಾಯಿತು. ಗೋಡೆಯಂತೆ ಎದ್ದು ನಿಂತ ದಿಬ್ಬಗಳು, ಗಾಡಿ ದಾಟೋದು ಅಸಾಧ್ಯ ಅನ್ನೋ ನಂಬಿಕೆ. ಬ್ಯಾಗ್ನಾಲ್ಡ್ ಗಂಟೆಗೆ ಸುಮಾರು 40 ಮೈಲಿ ವೇಗದಲ್ಲಿ ನೇರ ದಿಬ್ಬಕ್ಕೇ ನುಗ್ಗಿಸಿದ. ಗಾಡಿ ಮೂತಿ ಎತ್ತಿ ಸಲೀಸಾಗಿ ಮೇಲೇರಿ ನೆತ್ತಿಯಲ್ಲಿ ನಿಂತಿತು. ಗಾಳಿ ಬೀಸೋ ಕಡೆಯ ಇಳಿಜಾರಿನಲ್ಲಿ ಕಣಗಳು ಒತ್ತಾಗಿ ಕೂತು ಮರಳು ಗಟ್ಟಿಯಾಗಿರುತ್ತೆ, ಮರೆಯ ಕಡೆ ಸಡಿಲವಾಗಿರುತ್ತೆ ಅನ್ನೋದು ಅನುಭವಕ್ಕೆ ಬಂತು. ಎಲ್ಲಾ ಮರಳೂ ಒಂದೇ ಅಲ್ಲ. ಯಾವ ಟೈರು ಅನ್ನೋದಕ್ಕೆ ಮೊದಲು ಯಾವ ನೆಲ ಅಂತ ಕೇಳಬೇಕು. ನಾವು ಕೇಳದೇ ಬಿಟ್ಟ ಪ್ರಶ್ನೆ ಇದೇ.

1935ರಲ್ಲಿ ಸೈನ್ಯದಿಂದ ನಿವೃತ್ತನಾದ ಬ್ಯಾಗ್ನಾಲ್ಡ್ ಆ ಪ್ರಶ್ನೆಯನ್ನೇ ಬೆನ್ನು ಹತ್ತಿದ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತನ್ನ ಕೈಯಾರೆ ವಿಂಡ್ ಟನೆಲ್ ಕಟ್ಟಿ, ಮರಳಿನ ಕಣಗಳು ಗಾಳಿಗೆ ಹೇಗೆ ಜಿಗಿಜಿಗಿದು ಸಾಗುತ್ತವೆ ಅಂತ ಅಳೆದ. ಸಾಗೋ ಮರಳಿನ ಪ್ರಮಾಣ ನೆಲದ ಮೇಲೆ ಗಾಳಿ ಎಳೆಯೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತೆ ಅನ್ನೋದು ಆತನ ಮುಖ್ಯ ಶೋಧ. ಈ ಕೆಲಸ 1941ರಲ್ಲಿ ಪುಸ್ತಕವಾಯಿತು. ಮರುಭೂಮಿ ದಿಬ್ಬಗಳ ಅಧ್ಯಯನದಲ್ಲಿ ಇವತ್ತಿಗೂ ಅದರ ಹೆಸರು ಬರುತ್ತೆ.

ಅಷ್ಟರಲ್ಲಿ ಎರಡನೇ ಮಹಾಯುದ್ಧ. 1939ರಲ್ಲಿ ಮತ್ತೆ ಸೈನ್ಯಕ್ಕೆ ಕರೆ ಬಂದು ಕೀನ್ಯಾಕ್ಕೆ ಹೊರಟಿದ್ದ ಆತನ ಹಡಗು ಮೆಡಿಟರೇನಿಯನ್‌ನಲ್ಲಿ ಇನ್ನೊಂದಕ್ಕೆ ಡಿಕ್ಕಿ ಹೊಡೆದು, ಆತ ಈಜಿಪ್ಟಿನಲ್ಲೇ ಇಳಿಯುವಂತಾಯಿತು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ, ಮರುಭೂಮಿಯ ಒಳದಾರಿಯಲ್ಲಿ ಶತ್ರುವಿನ ಹಿಂದೆ ಹೋಗಬಲ್ಲ ಸಣ್ಣ ದಳದ ಯೋಜನೆಯನ್ನು ಜನರಲ್ ವೇವೆಲ್ ಮುಂದಿಟ್ಟ. ಒಪ್ಪಿಗೆ ಸಿಕ್ಕಿತು. ಅದೇ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್. ಮೊದಲ ಸೈನಿಕರು ಹೆಚ್ಚಾಗಿ ನ್ಯೂಜಿಲೆಂಡಿನವರು, ಎಷ್ಟೋ ಮಂದಿ ರೈತರು, ಗಾಡಿ ರಿಪೇರಿ ಕೈಗೆ ಹತ್ತಿದವರು. ಇಲ್ಲಿ ಟೈರ್ ಹವ್ಯಾಸದ ಮಾತಾಗಿರಲಿಲ್ಲ. ನೂರಾರು ಮೈಲಿ ಒಳಗೆ ಗಾಡಿ ನಿಂತರೆ ಪ್ರಾಣವೇ ಹೋಗಬಹುದಿತ್ತು.

ಈ ದಳದ ಟ್ರಕ್ಕುಗಳಲ್ಲೂ ನಮಗೊಂದು ಪಾಠ ಇದೆ. ಮೊದಲು ಬಂದಿದ್ದು ಟೂವೀಲ್ ಡ್ರೈವ್ ಷೆವರ್ಲೆ. ಆಮೇಲೆ ಫೋರ್‌ವೀಲ್ ಡ್ರೈವ್ ಫೋರ್ಡ್‌ಗಳು ಬಂದವು. ಅವು ಭಾರ, ಪೆಟ್ರೋಲು ವಿಪರೀತ ಕುಡೀತಿದ್ದವು. 1942ರಲ್ಲಿ ದಳ ಮತ್ತೆ ಟೂವೀಲ್ ಡ್ರೈವ್ ಷೆವರ್ಲೆಗೇ ಮರಳಿತು. ಆ ಹೊತ್ತಿಗೆ ಬ್ಯಾಗ್ನಾಲ್ಡ್ ದಳದ ನಾಯಕತ್ವ ಬಿಟ್ಟಿದ್ದರೂ ಆತನ ಪದ್ಧತಿ ಉಳಿದಿತ್ತು. ಆ ಷೆವರ್ಲೆಗಳಿಗೆ 16 ಇಂಚಿನ ರಿಮ್ಮಿನ ಮೇಲೆ 10.50 ಇಂಚು ಅಗಲದ ಟೈರು, ಹಿಂದೆಯೂ ಜೋಡಿ ಚಕ್ರದ ಬದಲು ಒಂದೊಂದೇ ಚಕ್ರ. ಹಾಗಿದ್ದಾಗ ಮುಂದಿನ ಚಕ್ರ ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಹಿಂದಿನದೂ ಓಡುತ್ತೆ, ಹೊಸದಾಗಿ ಮರಳು ಸೀಳೋ ಶ್ರಮ ತಪ್ಪುತ್ತೆ.

ಈಗ ನಮ್ಮ ಬಗ್ಗಿಗೆ ಬರೋಣ. ಟೈರಿನ ಹೊರವ್ಯಾಸ 28ರಿಂದ 31 ಇಂಚಿಗೆ ಹೋದರೆ ಅದೇ ಟಾರ್ಕಿಗೆ ನೆಲದ ಮೇಲಿನ ತಳ್ಳುಬಲ ಸುಮಾರು ಶೇ. 10 ಕಮ್ಮಿಯಾಗುತ್ತೆ. ಪಿಕಪ್ ಹೋಗಿದ್ದು ಇದಕ್ಕೇ. ಗೇರ್ ಅನುಪಾತ ಬದಲಿಸಬೇಕಿತ್ತು. ಆಫ್‌ಸೆಟ್ ಹಾಗೇ ಇಟ್ಟು ಟೈರು ಅಗಲ ಮಾಡಿದರೆ ಅರ್ಧ ಅಗಲ ಒಳಕ್ಕೆ ಬೆಳೆದು ಟೈ ರಾಡಿಗೆ ಉಜ್ಜುತ್ತೆ. ಉಜ್ಜದಿರಲಿ ಅಂತ ಆಫ್‌ಸೆಟ್ ಕಮ್ಮಿ ಮಾಡಿ ಚಕ್ರವನ್ನು ಹೊರಗೆ ತಂದರೆ ಬೇರಿಂಗ್ ಮೇಲೆ ಹೊರೆ ಜಾಸ್ತಿ, ಸ್ಟೀರಿಂಗ್ ಕೈಗೆ ಒದೆಯುತ್ತೆ. ರಿಮ್ಮು ತೀರಾ ಅಗಲವಾದರೆ ಗಾಳಿ ಇಳಿಸಿದಾಗ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳಬಹುದು. ಹಾಗಾಗಿ ಬೇಕಾದಷ್ಟೇ ದೊಡ್ಡದು, ಅದಕ್ಕಿಂತ ಒಂದಿಂಚೂ ಹೆಚ್ಚಲ್ಲ. ಮೊದಲು ಭಾರ ಇಳಿಸಿ, ಆಮೇಲೆ ಗಾಳಿ ಇಳಿಸಿ, ಅದೂ ಸಾಲದಿದ್ದರೆ ಮಾತ್ರ ಟೈರು ದೊಡ್ಡದು ಮಾಡಿ. ಗಟ್ಟಿ ರಸ್ತೆಗೆ ಬಂದಮೇಲೆ ಗಾಳಿ ತುಂಬಿಸೋದು ಮರೀಬೇಡಿ, ಇಲ್ಲದಿದ್ರೆ ಟೈರು ಕಾದು ಹಾಳಾಗುತ್ತೆ.

ಬ್ಯಾಗ್ನಾಲ್ಡ್ 1944ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ. 1977ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಭೂಮಿ ಮತ್ತು ಮಂಗಳದ ಮರುಭೂಮಿಗಳ ಕುರಿತ ನಾಸಾ ಸಮ್ಮೇಳನದಲ್ಲಿ ಮಾತಾಡಿದ. 1990ರ ಮೇನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ. ಮಂಗಳದ ಗೇಲ್ ಕುಳಿಯಲ್ಲಿರೋ ಕಪ್ಪು ಮರಳದಿಬ್ಬಗಳಿಗೆ ಈಗ ಆತನ ಹೆಸರಿದೆ. 2015ರ ಕೊನೆಗೆ ಕ್ಯೂರಿಯಾಸಿಟಿ ರೋವರ್ ಅಲ್ಲಿಗೆ ತಲುಪಿತು, 50 ಸೆಂಟಿಮೀಟರ್ ವ್ಯಾಸದ, ಗಾಳಿಯೇ ತುಂಬದ ಅಲ್ಯುಮಿನಿಯಂ ಚಕ್ರಗಳ ಮೇಲೆ.

ನಮ್ಮ ಟೀಮ್ ಹಳೇ ಟೈರುಗಳನ್ನೇ ಮತ್ತೆ ಹಾಕಿದೆ. ಈ ಸಲ ಮೊದಲು ಗಾಡಿಯನ್ನು ತೂಕ ಮಾಡ್ತಿದ್ದೀವಿ. ಶನಿವಾರ ಮಧ್ಯಾಹ್ನ ವರ್ಕ್‌ಶಾಪ್ ಹಿಂದೆ ಬನ್ನಿ, ಪ್ರೆಶರ್ ಗೇಜ್ ಇದ್ದರೆ ತನ್ನಿ.